ಕೊನೆಯ ಹದಿನೈದು ಗ್ರಾಂ

ಮನೆಯಿಂದ,
ಅಡುಗೆಮನೆ ಮೇಜಿನ ಕಿಟಕಿ ಕಡೆಯ ತುದಿ
ಭಾನುವಾರ, ಮಾರ್ಚ್ ೧೦, ಬೆಳಗ್ಗೆ ಒಂಬತ್ತೂವರೆ

ಪ್ರೀತಿಯ ಮಗಳೇ,

ಮೊದಲು ಮೊಣಕೈ ನೋವು ಹೇಗಿದೆ ಹೇಳು. ಬೇಕರಿಯಲ್ಲಿ ಹಿಟ್ಟು ಕಲಸುವ ಯಂತ್ರ ಕೆಟ್ಟು ಕೂತಿದೆ, ಎಲ್ಲವನ್ನೂ ಕೈಯಲ್ಲೇ ನಾದುತ್ತಿದ್ದೇವೆ ಎಂದು ಹೋದ ತಿಂಗಳು ಫೋನಿನಲ್ಲಿ ಅಂದಿದ್ದೆ. ಈ ಪತ್ರದ ಜೊತೆ ಮುಲಾಮು ಕಳಿಸುತ್ತಿದ್ದೇನೆ. ಬೆಳಗ್ಗೆ ಒಮ್ಮೆ, ಮಲಗುವಾಗ ಒಮ್ಮೆ, ಕಡಲೆಬೀಜದಷ್ಟು ತೆಗೆದುಕೊಂಡು ಮೇಲಿನಿಂದ ಕೆಳಕ್ಕೆ ಹಚ್ಚು. ಜಾಸ್ತಿ ಹಚ್ಚಿದರೆ ನೋವು ಬೇಗ ಹೋಗುವುದಿಲ್ಲ, ಡಬ್ಬಿ ಬೇಗ ಖಾಲಿಯಾಗುತ್ತದೆ ಅಷ್ಟೆ. ಮೂವತ್ತೊಂದು ವರ್ಷ ಔಷಧಿ ಅಂಗಡಿಯಲ್ಲಿ ಪುಡಿ ತೂಗಿ ಪೊಟ್ಟಣ ಕಟ್ಟಿದವಳು ಹೇಳುತ್ತಿದ್ದೇನೆ, ಈ ಒಂದು ವಿಷಯದಲ್ಲಾದರೂ ಅತ್ತೆಯ ಮಾತು ಕೇಳು. ನಾನು ಚೆನ್ನಾಗಿದ್ದೇನೆ. ರಕ್ತದೊತ್ತಡ ಹದ್ದುಬಸ್ತಿನಲ್ಲಿದೆ, ನಾಲಿಗೆ ಇಲ್ಲ ಎಂದು ಕೆಳಗಿನ ಮನೆಯ ದರ್ಜಿಯ ಅಭಿಪ್ರಾಯ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯೆ. ಫೋನಿನಲ್ಲಿ ನಾವು ಮಾಡುವುದೇನು? ನೀನು ಅಲ್ಲಿನ ಬಿಸಿಲಿನ ವಿಚಾರ ಹೇಳುತ್ತೀಯೆ, ನಾನು ಇಲ್ಲಿನ ಗಾಳಿಯ ವಿಚಾರ ಹೇಳುತ್ತೇನೆ, ಇಬ್ಬರೂ ಹವಾಮಾನ ವರದಿ ಓದಿ ಮುಗಿಸಿ ಇಟ್ಟುಬಿಡುತ್ತೇವೆ. ನೀನು ಮನೆ ಬಿಟ್ಟು ಹದಿಮೂರು ತಿಂಗಳಾಯಿತು. ಇಷ್ಟು ದಿನದಲ್ಲಿ ನಾವು ಒಂದು ಸಲವೂ ನನ್ನ ಮಗನ, ನಿನ್ನ ಗಂಡನ ಹೆಸರೆತ್ತಿಲ್ಲ. ಅದಕ್ಕೇ ಕಾಗದ ತೆಗೆದುಕೊಂಡು ಕೂತೆ.

ವಿಷಯ ಇಷ್ಟು. ದರ್ಜಿ ಇವತ್ತು ಹನ್ನೆರಡರ ಬಸ್ಸಿಗೆ ನಿನ್ನೂರಿಗೆ ಹೊರಟಿದ್ದಾನೆ, ಅವನ ಅಕ್ಕನ ಮನೆಗೆ. ಅವನ ಕೈಯಲ್ಲಿ ಒಂದು ಪೆಟ್ಟಿಗೆ ಕೊಡುತ್ತಿದ್ದೇನೆ. ಅದರಲ್ಲಿ ಮುಲಾಮು, ನನ್ನ ಮಗನ ಕಾಫಿ ನೋಟ್‌ಬುಕ್ಕು, ಮತ್ತೆ ಅವನು ಕಾಫಿ ಕಾಳು ಪುಡಿಮಾಡುತ್ತಿದ್ದ ಕೈಗ್ರೈಂಡರ್ ಇವೆ. ಹೌದು, ಅದೇ ಗ್ರೈಂಡರ್. ಅದು ಸರಿಯಾಗಿದೆ. ಸರಿಯಾಗಿದೆ ಎಂದು ನಾನು ಸುಮ್ಮನೆ ಹೇಳುತ್ತಿಲ್ಲ, ಹೇಗೆ ಸರಿಮಾಡಿದೆ ಎಂದು ಒಂದೊಂದಾಗಿ ಬರೆಯುತ್ತೇನೆ. ತಾಳ್ಮೆಯಿಂದ ಓದು. ಓದಲು ಮನಸ್ಸಾಗದಿದ್ದರೆ ಮುಲಾಮು ಹಚ್ಚಿಕೊಂಡು ಆಮೇಲೆ ಓದು.

ಆ ದಿನದಿಂದಲೇ ಶುರುಮಾಡಬೇಕು. ಅವನು ಹೋಗಿ ಒಂಬತ್ತನೆಯ ದಿನ. ಅವನು ಹೋದ ಆ ಗುರುವಾರ ಬೆಳಗ್ಗೆ, ಅವನು ಕೆಲಸ ಮಾಡುತ್ತಿದ್ದ ಕನ್ನಡಕದ ಅಂಗಡಿಯಿಂದ ಫೋನು ಬಂದಾಗ ಅವನು ಆಗಷ್ಟೇ ಕಾಳು ಪುಡಿಮಾಡಿದ್ದ. ಯಾರದೋ ಗಾಜು ಒಡೆದಿದೆ, ತುರ್ತು, ಬೇಗ ಬಾ ಎಂದರು. ಪುಡಿ ಗ್ರೈಂಡರಿನ ಬಟ್ಟಲಲ್ಲೇ ಉಳಿಯಿತು. ಪುಡಿಮಾಡಿದ ಕಾಫಿಯನ್ನು ಹತ್ತು ನಿಮಿಷ ಬಿಟ್ಟರೆ ಪ್ರಾಣ ಹೋದಂತೆ ಆಡುತ್ತಿದ್ದವನು ಅವತ್ತು ಮುಚ್ಚಳ ಹಾಕಿ, "ಹಾಳಾಗತ್ತೆ, ಆಗ್ಲಿ, ಸಂಜೆ ಬಂದು ಹೊಸದು ಮಾಡ್ತೀನಿ" ಎಂದು ಶೂ ಹಾಕಿಕೊಂಡ. ಮಧ್ಯಾಹ್ನ ಗಾಜು ಉಜ್ಜುವ ಯಂತ್ರದ ಮುಂದೆಯೇ ಕುಸಿದ. ಎದೆಬಡಿತ ನಿಂತಿತು ಎಂದರು, ಅಷ್ಟೆ, ನಲವತ್ತು ತುಂಬಿರಲಿಲ್ಲ. ಆಮೇಲಿನ ದಿನಗಳಲ್ಲಿ ನೀನು ಊಟ ಮಾಡಿದೆಯೋ ಇಲ್ಲವೋ ನನಗೆ ನೆನಪಿಲ್ಲ, ನಾನು ಮಾಡಿದೆನೋ ಇಲ್ಲವೋ ಅದೂ ನೆನಪಿಲ್ಲ. ಬೆಳಗ್ಗೆ ಎದ್ದು ನೀನು ಆ ಗ್ರೈಂಡರಿನ ಮುಚ್ಚಳ ತೆಗೆದು ಮುಖದ ಹತ್ತಿರ ಹಿಡಿದುಕೊಂಡು ಕೂರುತ್ತಿದ್ದದ್ದು ಮಾತ್ರ ಚೆನ್ನಾಗಿ ನೆನಪಿದೆ. ಹಿಡಿದುಕೊಂಡು ಅಳುತ್ತಿದ್ದೀಯೆ ಎಂದುಕೊಂಡೆ. ಅಷ್ಟೇ ಎಂದುಕೊಂಡೆ.

ಒಂಬತ್ತನೆಯ ದಿನ ನನಗೆ ಕೂರಲಾಗಲಿಲ್ಲ. ಕೈಗೆ ಕೆಲಸವಿಲ್ಲದಿದ್ದರೆ ತಲೆ ಕೆಟ್ಟುಹೋಗುತ್ತದೆ ಎನಿಸಿ ಅಡುಗೆಮನೆ ತೊಳೆಯಲು ನಿಂತೆ. ಕಪಾಟು ತೊಳೆದೆ, ಒಲೆ ತೊಳೆದೆ, ಡಬ್ಬಿಗಳನ್ನೆಲ್ಲ ಇಳಿಸಿ ಒರೆಸಿದೆ. ಗ್ರೈಂಡರ್ ಕಣ್ಣಿಗೆ ಬಿತ್ತು. ಒಳಗೆಲ್ಲ ಎಣ್ಣೆ ಜಿಡ್ಡು, ಕಂದು ಪುಡಿ. ಉಪಯೋಗಿಸಿದ್ದನ್ನು ತೊಳೆದಿಡಬೇಕು ಎಂಬುದು ನನಗೆ ಅಂಗಡಿಗೆ ಸೇರಿದ ದಿನದಿಂದ ಕೈಗೆ ಅಂಟಿದ ಪಾಠ. ತಿರುಪು ತೆಗೆದೆ, ಬಳೆಯಂತಿದ್ದ ಅಳತೆಯ ಚಕ್ರ ಬಿಚ್ಚಿದೆ, ಒಳಗಿನ ಹಲ್ಲಿನ ಉಕ್ಕು ಹೊರತೆಗೆದೆ, ಕುದಿಯುವ ನೀರು, ಸೋಪು, ಬ್ರಷ್ಷು. ಒಂದು ಕಣ ಉಳಿಯದಂತೆ ಉಜ್ಜಿ, ಬಿಳಿ ಬಟ್ಟೆಯ ಮೇಲೆ ಸಾಲಾಗಿ ಹರಡಿದೆ. ಸತ್ಯ ಹೇಳುತ್ತೇನೆ, ಒಂಬತ್ತು ದಿನದಲ್ಲಿ ಅದೊಂದು ಗಳಿಗೆ ನನಗೆ ಸ್ವಲ್ಪ ಹಗುರವಾಗಿತ್ತು. ಆಗ ನೀನು ಬಾಗಿಲಿಗೆ ಬಂದೆ.

"ಅವರ ವಾಸನೆ ಇದ್ದಿದ್ದು ಅದೊಂದ್ರಲ್ಲೇ ಅತ್ತೆ. ಹೇಗೆ ತೊಳೆದ್ರಿ? ನಿಮಗೆ ಏನೂ ಅನಿಸ್ಲಿಲ್ವಾ?" ಎಂದೆ. ಕೂಗಲೂ ಇಲ್ಲ ನೀನು. ಕೂಗಿದ್ದರೆ ನಾನೂ ಕೂಗಿ, ಇಬ್ಬರೂ ಅತ್ತು, ಅಲ್ಲಿಗೆ ಮುಗಿಯುತ್ತಿತ್ತೋ ಏನೋ. ನಾನು ಹೇಳಿದ್ದು ನಿನಗೂ ನೆನಪಿದೆ, ನನಗೂ ನೆನಪಿದೆ. "ಗಲೀಜು ಇಟ್ಕೊಂಡು ಪೂಜೆ ಮಾಡೋಕಾಗತ್ತಾ" ಎಂದೆ. ಬಾಯಿಂದ ಬಿದ್ದ ಮಾತನ್ನು ಚಿಮ್ಮಟದಲ್ಲಿ ಎತ್ತಿ ವಾಪಸು ಶೀಶೆಗೆ ಹಾಕುವಂತಿದ್ದರೆ ಎಷ್ಟು ಚೆನ್ನಾಗಿತ್ತು. ಮುಂದಿನ ತಿಂಗಳು ನಿನಗೆ ಆ ಊರಿನ ಬೇಕರಿಯಲ್ಲಿ ಕೆಲಸ ಸಿಕ್ಕಿತು, ಒಳ್ಳೆಯ ಕೆಲಸ ಎಂದೆ ನೀನು, ಹೌದು ಒಳ್ಳೆಯ ಕೆಲಸ ಎಂದೆ ನಾನೂ. ಎರಡು ಪೆಟ್ಟಿಗೆ ತುಂಬಿಕೊಂಡು ಹೊರಟೆ. ಗ್ರೈಂಡರನ್ನು ಮುಟ್ಟಲಿಲ್ಲ.

ನೀನು ಹೋದ ಮೇಲೆ ಅದನ್ನು ಜೋಡಿಸಲು ಕೂತೆ. ತುಕ್ಕು ಹಿಡಿದಿತ್ತು. ಆ ಉಕ್ಕಿಗೆ ನೀರು ಸೋಕಬಾರದು, ಒಣ ಬ್ರಷ್ಷಿನಲ್ಲಷ್ಟೇ ಕೊಡವಬೇಕು ಎಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಕೆಂಪು ಶಾಯಿಯಲ್ಲಿ ಬರೆದಿದ್ದಾನೆ, ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದಾನೆ. ಮೂವತ್ತೊಂದು ವರ್ಷ ಪರರ ಔಷಧಿ ಚೀಟಿಯನ್ನು ಓದದೆ ಒಂದು ಗುಳಿಗೆಯನ್ನೂ ಕೊಡದವಳು ನನ್ನ ಮಗನ ಚೀಟಿಯನ್ನು ಓದಲಿಲ್ಲ ನೋಡು. ಉಕ್ಕಿನ ಹಲ್ಲುಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅವನ ಕನ್ನಡಕದ ಅಂಗಡಿಯ ಯಜಮಾನರ ಹತ್ತಿರ ಹೋದೆ. ಅವರು ಗಾಜಿಗೆ ಹೊಳಪು ಕೊಡುವ ನುಣ್ಣನೆಯ ಪುಡಿಯಲ್ಲಿ, ಅವನು ಕೂರುತ್ತಿದ್ದ ಸ್ಟೂಲಿನ ಮೇಲೆಯೇ ಕೂತು, ಎರಡು ಸಂಜೆ ಉಜ್ಜಿಕೊಟ್ಟರು. ಕೊಡುವಾಗ, "ಸ್ವಲ್ಪ ಸವೆದಿದೆ ಅಮ್ಮಾ, ಹಳೇ ಲೆಕ್ಕ ಕೂತ್ಕೊಳ್ಳಲ್ಲ" ಎಂದರು. ಆ ಮಾತು ಆಗ ಅರ್ಥವಾಗಲಿಲ್ಲ, ಮನೆಗೆ ಬಂದ ಮೇಲೆ ಆಯಿತು. ಅವನು ಬರೆದಿಟ್ಟದ್ದು ಇಪ್ಪತ್ತೆರಡು ಟಿಕ್. ಚಕ್ರವನ್ನು ಬಿಗಿಯಾಗಿ ಮುಚ್ಚಿ, ಅಲ್ಲಿಂದ ಹಿಂದಕ್ಕೆ ತಿರುಗಿಸುತ್ತ ಇಪ್ಪತ್ತೆರಡು ಸಲ ಟಿಕ್ ಎನ್ನಿಸಿದರೆ ಅವನ ಪುಡಿಯ ಅಳತೆ. ಹಲ್ಲು ಸವೆದ ಮೇಲೆ ಆ ಇಪ್ಪತ್ತೆರಡು ಬೇರೆ ಯಾರದೋ ಇಪ್ಪತ್ತೆರಡಾಗಿತ್ತು.

ಆದರೆ ಅವನು ಇನ್ನೊಂದು ಲೆಕ್ಕವನ್ನೂ ಬರೆದಿದ್ದ. ಹದಿನೈದು ಗ್ರಾಂ ಪುಡಿ, ಇನ್ನೂರೈವತ್ತು ಗ್ರಾಂ ನೀರು, ಮೊದಲ ಹನಿಯಿಂದ ಕೊನೆಯ ಹನಿಯವರೆಗೆ ಎರಡು ನಿಮಿಷ ಐವತ್ತು ಸೆಕೆಂಡು. ಪುಡಿ ದಪ್ಪವಾದರೆ ನೀರು ಓಡಿಹೋಗುತ್ತದೆ, ನುಣ್ಣಗಾದರೆ ಸೋಸುವ ಆಲಿಕೆಯಲ್ಲಿ ಕೆಸರಾಗಿ ನಿಂತುಬಿಡುತ್ತದೆ. ಅಂದರೆ ಗಡಿಯಾರವೇ ಸಾಕ್ಷಿ. ಇದು ನನಗೆ ಗೊತ್ತಿರುವ ಭಾಷೆ ಎನಿಸಿತು. ನನ್ನ ಹಳೆಯ ತಕ್ಕಡಿ ಇಳಿಸಿದೆ, ಗೋಡೆ ಗಡಿಯಾರವನ್ನು ಮೇಜಿನ ಮೇಲೆ ಒರಗಿಸಿದೆ, ಅಂಗಡಿಯ ಸಾಧಾರಣ ಕಾಳು ತಂದು ಬೆಳಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಮಾಡತೊಡಗಿದೆ. ಕಾಗದದ ಸೋಸುಬಟ್ಟಲನ್ನು ಆಲಿಕೆಗೆ ಇಟ್ಟು ಮೊದಲು ಬರೀ ಬಿಸಿನೀರು ಹೊಯ್ದು ಚೆಲ್ಲಬೇಕಲ್ಲ, ಕಾಗದದ ವಾಸನೆ ಹೋಗಲಿ ಎಂದು, ಅದನ್ನೂ ತಪ್ಪಿಸಲಿಲ್ಲ. ಆಮೇಲೆ ಪುಡಿ, ಆಮೇಲೆ ಆ ಉದ್ದ ಕೊರಳಿನ ಕೆಟಲಿನಿಂದ ನಲವತ್ತೈದು ಗ್ರಾಂ ನೀರು, ಆಮೇಲೆ ನಲವತ್ತೈದು ಸೆಕೆಂಡು ಕೈ ಕಟ್ಟಿ ನಿಲ್ಲುವುದು. ಪುಡಿ ಉಬ್ಬುವುದನ್ನು ಅವನು ಬಗ್ಗಿ ನೋಡುತ್ತಿದ್ದನಲ್ಲ, ನಾನೂ ಬಗ್ಗಿ ನೋಡಿದೆ. ಸಣ್ಣ ಸಣ್ಣ ಗುಳ್ಳೆ ಎದ್ದು ಒಡೆಯುತ್ತವೆ, ಚೆನ್ನಾಗಿರುತ್ತದೆ ನೋಡಲು. ಕೆಟಲು ಹಿಡಿದ ಕೈ ಮೊದಮೊದಲು ನಡುಗುತ್ತಿತ್ತು. ನೀರು ಒಂದೇ ಕಡೆ ಬಿದ್ದು ಮಧ್ಯೆ ಗುಂಡಿ ಬೀಳುತ್ತಿತ್ತು.

ರುಚಿ ನೋಡಲು ದರ್ಜಿಯನ್ನು ನೇಮಿಸಿಕೊಂಡೆ. ಬೇರೆ ಯಾರಿದ್ದಾರೆ? ಅವನೋ ಕಾಫಿಯನ್ನು ಸಕ್ಕರೆ ಕರಗಿಸುವ ದ್ರವ ಎಂದು ತಿಳಿದವನು. ಸಕ್ಕರೆ ಹಾಕಬಾರದು ಎಂದ ದಿನ ನನ್ನನ್ನು ಹೀಗೆ ನೋಡಿದ, ಬಟ್ಟೆಗೆ ಗುಂಡಿ ಹಾಕಬಾರದು ಎಂದರೆ ಹೇಗೆ ನೋಡುತ್ತಾನೋ ಹಾಗೆ. ಆದರೂ ಪಾಪ, ಒಂದು ದಿನವೂ ತಪ್ಪಿಸದೆ ಅಳತೆಯ ಟೇಪನ್ನು ಕುತ್ತಿಗೆಗೆ ಹಾಕಿಕೊಂಡೇ ಮೆಟ್ಟಿಲು ಹತ್ತಿ ಬಂದ. "ಇವತ್ತು ನೀರು ಕಣ್ರೀ." "ಇವತ್ತು ಕಷಾಯ." "ಇವತ್ತು ಪರವಾಗಿಲ್ಲ, ಆದ್ರೆ ನಾಲಿಗೆ ಮೇಲೆ ಏನೋ ದಾರ ಉಳಿದ ಹಾಗಿದೆ." ಎಲ್ಲವನ್ನೂ ಬರೆದುಕೊಂಡೆ. ಹದಿನೆಂಟು ಟಿಕ್ಕಿಗೆ ಮೂರು ನಿಮಿಷ ನಲವತ್ತು. ಇಪ್ಪತ್ತಾರಕ್ಕೆ ಎರಡು ನಿಮಿಷ ಹತ್ತು. ಹೀಗೆ ಹಿಂದೆ ಮುಂದೆ ಸರಿಯುತ್ತ ಏಳು ತಿಂಗಳು. ಇಪ್ಪತ್ತಮೂರಕ್ಕೆ ಎರಡು ನಿಮಿಷ ಐವತ್ತೈದು ಬಂದ ದಿನ ದರ್ಜಿ ಎರಡನೆಯ ಲೋಟ ಕೇಳಿದ. ಇನ್ನೈದು ಸೆಕೆಂಡು ನನ್ನ ಕೈಯ ನಡುಕದ್ದು. ಅದನ್ನೂ ಇನ್ನೊಂದು ತಿಂಗಳಲ್ಲಿ ಕಳೆದೆ. ಈಗ ದಿನವೂ ಎರಡು ನಿಮಿಷ ಐವತ್ತು, ಒಂದು ಸೆಕೆಂಡು ಆಚೆ ಈಚೆ ಇಲ್ಲ. ಹೊಗಳಿಕೊಳ್ಳುತ್ತಿದ್ದೇನೆ ಎಂದುಕೋ, ನನ್ನನ್ನು ಹೊಗಳಲು ಈಗ ಮನೆಯಲ್ಲಿ ನಾನೊಬ್ಬಳೇ ಇರುವುದು.

ಇಷ್ಟೆಲ್ಲ ಮಾಡುವಾಗ ಅವನ ಜೊತೆ ಜಗಳವಾಡುತ್ತಲೇ ಇರುತ್ತೇನೆ. ಒಂದು ಲೋಟ ಕಾಫಿಗೆ ಇಷ್ಟು ಸಾಮಾನು ಯಾಕೋ ಮಾರಾಯ, ನಿಮ್ಮಪ್ಪ ಪಾತ್ರೆಯಲ್ಲಿ ಕುದಿಸಿ ಬಟ್ಟೆಯಲ್ಲಿ ಸೋಸಿ ಕುಡಿದವರು, ಏನು ಸತ್ತುಹೋದರೇ ಎನ್ನುತ್ತೇನೆ. ಆಮೇಲೆ, ಹೌದಲ್ಲ, ಅವರೂ ಹೋದರು, ಇವನೂ ಹೋದ ಎಂದು ಮತ್ತೆ ಕೆಟಲು ಎತ್ತಿಕೊಳ್ಳುತ್ತೇನೆ. ದಿನಾ ಬೆಳಗ್ಗೆ ಅವನು ನನ್ನನ್ನು ಈ ಕುರ್ಚಿಯಲ್ಲೇ ಕೂರಿಸುತ್ತಿದ್ದ, ನೆನಪಿದೆಯಾ? ನೀನು ಇಲ್ಲಿನ ಬೇಕರಿಯ ರಾತ್ರಿ ಪಾಳಿ ಮುಗಿಸಿ ಬರುವುದಕ್ಕೆ ಮೊದಲೇ ಈ ನಾಟಕ ಮುಗಿದಿರುತ್ತಿತ್ತು, ಒಂದೆರಡು ಸಲ ನೋಡಿದ್ದೀಯೇನೋ. "ಕಣ್ಣು ಮುಚ್ಕೋ ಅಮ್ಮಾ" ಎಂದು ಲೋಟವನ್ನು ಮೂಗಿನ ಕೆಳಗೆ ಹಿಡಿದು, "ಏನು ವಾಸನೆ ಬರ್ತಿದೆ ಹೇಳು" ಎನ್ನುತ್ತಿದ್ದ. ನಾನು ಕಿತ್ತಳೆ ಸಿಪ್ಪೆ ಎನ್ನುತ್ತಿದ್ದೆ, ಸುಟ್ಟ ಸಕ್ಕರೆ ಎನ್ನುತ್ತಿದ್ದೆ, ಒಮ್ಮೆ ಹೊಸ ಪುಸ್ತಕ ಎಂದಿದ್ದೆ. ಎಲ್ಲವನ್ನೂ ನೋಟ್‌ಬುಕ್ಕಿನ ಕೊನೆಯ ಕಾಲಮ್ಮಿನಲ್ಲಿ ಬರೆಯುತ್ತಿದ್ದ, "ಔಷಧಿ ಅಂಗಡಿ ಮೂಗು ಅಂದ್ರೆ ಸುಮ್ನೇನಾ" ಎಂದು ನಗುತ್ತಿದ್ದ. ಆ ನಗು ಒಂದನ್ನು ಯಾವುದಾದರೂ ಶೀಶೆಗೆ ಹಾಕಿ ಬಿರಡೆ ಬಿಗಿದಿಟ್ಟಿರಬೇಕಿತ್ತು. ಎಲ್ಲವನ್ನೂ ಜೋಪಾನ ಮಾಡುವವಳು ಅದನ್ನು ಮಾಡಲಿಲ್ಲ.

ಶೀಶೆ ಎಂದಾಗ ಮುಖ್ಯವಾದದ್ದು ನೆನಪಾಯಿತು. ನಿಮ್ಮ ಮದುವೆಯ ಐದನೆಯ ವರ್ಷಕ್ಕೆ ಅವನು ತರಿಸಿದ್ದನಲ್ಲ, ಆ ಬೆಲೆಬಾಳುವ ಕಾಳು. ಕೆಡಬಾರದೆಂದು ನನ್ನಿಂದ ಗಾಜಿನ ಕೊಳವೆಗಳನ್ನು ತರಿಸಿಕೊಂಡು, ಒಂದೊಂದರಲ್ಲಿ ಹದಿನೈದು ಗ್ರಾಂ ತೂಗಿ, ಚೀಟಿ ಅಂಟಿಸಿ ಫ್ರೀಜರಿನಲ್ಲಿ ಇಟ್ಟಿದ್ದ. ವಿಶೇಷ ದಿನಕ್ಕೆ ಒಂದು ಎಂದು ನೀವಿಬ್ಬರೂ ತೆಗೆಯುತ್ತಿದ್ದಿರಿ. ಅವನು ಹೋದಾಗ ಎರಡು ಉಳಿದಿದ್ದವು. ನೀನೂ ಮುಟ್ಟಲಿಲ್ಲ, ನಾನೂ ಮುಟ್ಟಲಿಲ್ಲ. ಕೈ ಪಳಗಿದ ಮೇಲೆ, ಹೋದ ಭಾನುವಾರ, ಒಂದನ್ನು ತೆರೆದೆ. ನಿನ್ನನ್ನು ಕೇಳದೆ ತೆರೆದೆ, ಅದಕ್ಕೂ ಬೈದುಕೋ. ದರ್ಜಿಯನ್ನು ಕರೆಯಲಿಲ್ಲ. ಇಪ್ಪತ್ತಮೂರು ಟಿಕ್, ಎರಡು ನಿಮಿಷ ಐವತ್ತು ಸೆಕೆಂಡು, ಅವನ ಲೋಟ. ಕುಡಿದೆ. ಹೇಗಿತ್ತು ಎಂದು ಕೇಳುತ್ತೀಯೆ. ಸರಿಯಾಗಿತ್ತು. ಎಲ್ಲ ಲೆಕ್ಕವೂ ಸರಿಯಾಗಿತ್ತು.

ಹಾಗಾಗಿ ಗ್ರೈಂಡರ್ ಈಗ ನಿನ್ನದು. ಚಕ್ರ ಅಲ್ಲಾಡದಂತೆ ಇಪ್ಪತ್ತಮೂರರ ಮೇಲೆ ದಾರ ಕಟ್ಟಿದ್ದೇನೆ, ದಾರ ದರ್ಜಿ ಕೊಟ್ಟದ್ದು, ನೀಲಿ. ನೀರು ತಾಗಿಸಬೇಡ ಎಂದು ನಾನು ನಿನಗೆ ಹೇಳುವುದು ನಗೆಪಾಟಲಾಗುತ್ತದೆ. ಉಳಿದ ಒಂದು ಕೊಳವೆಯನ್ನು ಕಳಿಸುವಂತಿಲ್ಲ, ದಾರಿಯಲ್ಲಿ ಬೆವರಿ ಹಾಳಾಗುತ್ತದೆ. ಅದು ಇಲ್ಲೇ ಇರಲಿ. ನೀನು ಬರಲೇಬೇಕೆಂದೇನೂ ಇಲ್ಲ, ಕೆಲಸವಿದೆ, ರಜೆ ಸಿಗುವುದಿಲ್ಲ, ನನಗೆ ಗೊತ್ತು. ಅವನ ಮಫ್ಲರು, ಸ್ವೆಟರು, ಎಲ್ಲವೂ ಬೀರುವಿನಲ್ಲಿ ಹಾಗೆಯೇ ಇವೆ, ಒಂದನ್ನೂ ತೊಳೆದಿಲ್ಲ. ತೊಳೆಯುವುದಿಲ್ಲ.

ನಿನ್ನ ಬೇಕರಿಯ ಯಜಮಾನಿಗೆ ನನ್ನ ನಮಸ್ಕಾರ ತಿಳಿಸು, ಯಂತ್ರವನ್ನು ಬೇಗ ರಿಪೇರಿ ಮಾಡಿಸಲು ಹೇಳಿದೆ ಎಂದೂ ತಿಳಿಸು. ನೀನು ಚೆನ್ನಾಗಿ ತಿನ್ನು, ಚೆನ್ನಾಗಿ ನಿದ್ದೆ ಮಾಡು, ನೂರು ಕಾಲ ಬಾಳು. ಈ ಕೊನೆಯದನ್ನು ಬರೆಯುವಾಗ ಕೈ ತಡೆಯಿತು, ಅವನಿಗೂ ಪ್ರತಿ ಹುಟ್ಟುಹಬ್ಬಕ್ಕೆ ಇದನ್ನೇ ಹೇಳುತ್ತಿದ್ದೆ. ಆದರೂ ಬರೆಯುತ್ತೇನೆ. ಅವನ ಪಾಲಿನದನ್ನೂ ಸೇರಿಸಿ ನೀನೇ ಬಾಳು.

ನಿನ್ನ ಅತ್ತೆ

ತಾ.ಕ. ದರ್ಜಿ ಬಾಗಿಲಲ್ಲಿ ನಿಂತು ಬಸ್ಸು ಬಸ್ಸು ಎನ್ನುತ್ತಿದ್ದಾನೆ. ಪೆಟ್ಟಿಗೆಯ ಕಟ್ಟು ಬಿಚ್ಚಿ ಗ್ರೈಂಡರನ್ನು ಹೊರಗೆ ತೆಗೆದಿಟ್ಟುಕೊಂಡೆ. ನೋಟ್‌ಬುಕ್ಕು, ಮುಲಾಮು ಮಾತ್ರ ಬರುತ್ತವೆ. ನನಗೆ ವಾಸನೆ ಬರುವುದಿಲ್ಲ ಮಗಳೇ. ಅವನು ಹೋಗುವುದಕ್ಕೆ ಮೂರು ವರ್ಷ ಮೊದಲು ನನಗೆ ಆ ಕೆಟ್ಟ ಜ್ವರ ಬಂದಿತ್ತಲ್ಲ, ನೀನೇ ಹಣೆಗೆ ಒದ್ದೆ ಬಟ್ಟೆ ಹಾಕಿದ್ದೆ, ಆವಾಗ ಹೋದದ್ದು ವಾಪಸು ಬರಲೇ ಇಲ್ಲ. ಅಂಗಡಿಯವರಿಗೆ ಗೊತ್ತಾದರೆ ಕೆಲಸ ಬಿಡಿಸುತ್ತಾರೆಂದು ಮುಚ್ಚಿಟ್ಟೆ, ಆಮೇಲೆ ಮುಚ್ಚಿಟ್ಟದ್ದೇ ಅಭ್ಯಾಸವಾಯಿತು. ಒಲೆಯ ಮೇಲೆ ಹಾಲು ಹೊತ್ತುತ್ತಿದ್ದರೂ ನಾನು ಪಕ್ಕದಲ್ಲೇ ಪೇಪರು ಓದುತ್ತ ಕೂತಿದ್ದೆ, ನೀನು ಬೀದಿಯಿಂದ ಓಡಿಬಂದೆ, ನೆನಪು ಮಾಡಿಕೋ. ಕಿತ್ತಳೆ ಸಿಪ್ಪೆ, ಸುಟ್ಟ ಸಕ್ಕರೆ, ಎಲ್ಲ ಸುಳ್ಳು. ಗ್ರೈಂಡರಿನಲ್ಲಿ ನೀನು ಏನನ್ನು ಹುಡುಕುತ್ತಿದ್ದೆ ಎಂದು ನನಗೆ ಗೊತ್ತಾಗಲಿಲ್ಲ, ನನ್ನ ಪಾಲಿಗೆ ಅದು ಬರೀ ಜಿಡ್ಡಾಗಿತ್ತು. ಆ ದಿನವೇ ಹೇಳಬೇಕಿತ್ತು. ಹೇಳುವ ಬದಲು ಆ ಕೊಳಕು ಮಾತು ಆಡಿದೆ. ಕ್ಷಮಿಸು.

ನೋಟ್‌ಬುಕ್ಕಿನಲ್ಲಿ ನೀಲಿ ದಾರ ಇಟ್ಟ ಪುಟ ನೋಡು. ನನ್ನ ಸುಳ್ಳುಗಳ ಕಾಲಮ್ಮನ್ನು ಓದಲು ನಾಚಿಕೆಯಾಗಿ ಇಷ್ಟು ದಿನ ಅಂಕಿಗಳನ್ನಷ್ಟೇ ನೋಡುತ್ತಿದ್ದೆ. ಮೊನ್ನೆ ಓದಿದೆ. ಅವನು ಹೋಗುವುದಕ್ಕೆ ಒಂದೂವರೆ ವರ್ಷ ಮುಂಚಿನ ತಾರೀಕು. "ಅಮ್ಮ: ಕಿತ್ತಳೆ ಸಿಪ್ಪೆ" ಎಂದು ಬರೆದು, ಕೆಳಗೆ ಪೆನ್ಸಿಲಿನಲ್ಲಿ, "ಇವತ್ತು ಲೋಟದಲ್ಲಿ ಇದ್ದಿದ್ದು ಬರೀ ಬಿಸಿನೀರು. ಅಮ್ಮಂಗೆ ಹೇಳಬಾರದು. ಕೇಳೋದನ್ನ ನಿಲ್ಲಿಸಬಾರದು" ಎಂದಿದ್ದಾನೆ. ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ದಿನಾ ಕೇಳಿದ, ದಿನಾ ನಕ್ಕ, ದಿನಾ ಬರೆದುಕೊಂಡ.

ಹೋದ ಭಾನುವಾರ ತೆರೆದದ್ದು ಅವನ ಕಾಫಿಯೇ ಆಗಿತ್ತೋ ಅಲ್ಲವೋ ನನಗೆ ಗೊತ್ತಿಲ್ಲ. ಗಡಿಯಾರ ಹೌದೆಂದಿತು, ತಕ್ಕಡಿ ಹೌದೆಂದಿತು. ಅದನ್ನು ಹೇಳಬಲ್ಲ ಮೂಗು ಈಗ ನಿನ್ನದೊಂದೇ. ಇನ್ನು ಹದಿನೈದು ಗ್ರಾಂ ಇದೆ. ಬಾ. ನಾನು ಮಾಡಿಕೊಡುತ್ತೇನೆ, ಅದೇ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತುಕೋ. ಏನು ವಾಸನೆ ಬರುತ್ತಿದೆ ಎಂದು ಈ ಸಲ ನಾನು ಕೇಳುತ್ತೇನೆ, ನೀನು ಹೇಳು.